ಒಂದೇ ತೋಟದ ಎರಡು ಬಾಟಲಿ: ಹುಬ್ಬಳ್ಳಿ–ಧಾರವಾಡದ ಒಂದು ಕೆಂಪು ವೈನ್ ಪ್ರಕರಣ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪರವಾನಗಿ ಪಡೆದು ರೆಸ್ಟೋರೆಂಟ್ ನಡೆಸುತ್ತಿರುವ ಯುವಕನೊಬ್ಬ ತನ್ನ ಪಾನೀಯಗಳ ಪಟ್ಟಿಗೆ ಒಂದು ಒಳ್ಳೆಯ ಕೆಂಪು ವೈನ್ ಸೇರಿಸಲು ಹೊರಟಾಗ ಎದ್ದ ಪ್ರಶ್ನೆಗಳೇ ಈ ಅಧ್ಯಯನದ ವಸ್ತು. ವೈನು ಒಂದು ಕುಟುಂಬ ತಾನೇ ಬೆಳೆದ ದ್ರಾಕ್ಷಿಯಿಂದ ತಾನೇ ತಯಾರಿಸಿದ್ದಾಗಿರಬೇಕು, ಕೊಟ್ಟ ಹಣಕ್ಕೆ ತಕ್ಕುದಾಗಿರಬೇಕು ಎಂಬುವು ಅವನ ಷರತ್ತುಗಳು. ಮೊದಲನೆಯದನ್ನು ಬಾಟಲಿಯ ಚೀಟಿ ಓದಿ ತಿಳಿಯಬಹುದು. ಎರಡನೆಯದು ಅಷ್ಟು ಸುಲಭವಲ್ಲವೆಂಬುದು ಅವನ ಮನೆಯಲ್ಲಿಯೇ ಇದ್ದ ಎರಡು ಬಾಟಲಿಗಳಿಂದ ಗೊತ್ತಾಯಿತು.

ಅವನ ದೊಡ್ಡಪ್ಪ ಧಾರವಾಡದ ಸಪ್ತಾಪುರದಲ್ಲಿ ವಾಸವಾಗಿದ್ದಾರೆ. ತೋಟಗಾರಿಕೆ ಕಲಿಸಿ ನಿವೃತ್ತರಾದ ಅವರು ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಹುಕಾಲ ಓಡಾಡಿದವರು. ಸ್ಪೇನಿನ ಬಿಲ್ಬಾವೊ ನಗರದಲ್ಲಿ ಕೆಲಸಕ್ಕಿರುವ ಅವರ ಮಗಳು ಊರಿಗೆ ಬಂದಾಗ ಎರಡು ಬಾಟಲಿ ಕೆಂಪು ವೈನ್ ತಂದಿದ್ದಳು. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ 2 ಲೀಟರಿನವರೆಗೆ ಮದ್ಯ ತರಬಹುದು. 750 ಮಿಲಿಲೀಟರಿನ ಮೂರನೆಯ ಬಾಟಲಿ ಆ ಮಿತಿಯನ್ನು ಮೀರುತ್ತದೆ. ಹಾಗಾಗಿ ಎರಡೇ ಬಂದವು. ಎರಡೂ ಲೋಪೆಸ್ ದೆ ಎರೆದಿಯಾ ಕುಟುಂಬದ ವಿನ್ಯಾ ತೊಂದೋನಿಯಾ ರಿಸರ್ವಾ, ಎರಡೂ 2010ರ ಫಸಲಿನವು. ಒಂದನ್ನು ಅವರು ತಮ್ಮ ಮನೆಯಲ್ಲಿ ಇಟ್ಟುಕೊಂಡರು, ಇನ್ನೊಂದನ್ನು ಹುಬ್ಬಳ್ಳಿಯ ತಮ್ಮನಿಗೆ, ಅಂದರೆ ಆ ಯುವಕನ ತಂದೆಗೆ, ಕೊಟ್ಟರು. ನಡುವೆ ಒಂದು ಪೂರ್ತಿ ಬೇಸಿಗೆ ಕಳೆಯಿತು.

ಎರಡು ಬಾಟಲಿಗಳ ಈ ಅಗಲಿಕೆ ಯಾರೂ ಯೋಜಿಸಿದ ಪ್ರಯೋಗವಲ್ಲ. ಆದರೆ ಒಂದೇ ತೋಟ, ಒಂದೇ ವರ್ಷ, ಒಂದೇ ಪ್ರಯಾಣ, ಇಟ್ಟ ಜಾಗ ಮಾತ್ರ ಬೇರೆ ಎಂಬ ಸ್ಥಿತಿ ತಾನಾಗಿಯೇ ಒದಗಿಬಂದುದರಿಂದ, ತೋಟದವರ ಪಾಲೆಷ್ಟು, ಇಟ್ಟುಕೊಂಡವರ ಪಾಲೆಷ್ಟು ಎಂದು ಬಿಡಿಸಿ ನೋಡಲು ಅವಕಾಶವಾಯಿತು.

ತೋಟ ಮತ್ತು ಬೆಲೆ

ಮೊದಲು ವೈನಿನ ಮೂಲವನ್ನು ನೋಡಬೇಕು. ಉತ್ತರ ಸ್ಪೇನಿನ ರಿಯೋಹಾ ಸೀಮೆಯ ಆರೋ ಪಟ್ಟಣಕ್ಕೆ 1863ರಲ್ಲಿ ರೈಲು ಬಂದಿತು. ಅದೇ ಕಾಲಕ್ಕೆ ಬೇರಿನ ರಸ ಹೀರುವ ಫಿಲೊಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ತೋಟಗಳನ್ನು ನಾಶಮಾಡತೊಡಗಿತ್ತು. ಫ್ರಾನ್ಸಿನ ಬೋರ್ಡೋ ಸೀಮೆಯ ವ್ಯಾಪಾರಿಗಳು ವೈನು ಹುಡುಕಿಕೊಂಡು ರೈಲುಮಾರ್ಗವಿದ್ದ ಆರೋಗೆ ಬಂದರು, ಜೊತೆಗೆ ಓಕ್ ಪೀಪಾಯಿಯಲ್ಲಿ ವೈನನ್ನು ಮಾಗಿಸುವ ತಮ್ಮ ಪದ್ಧತಿಯನ್ನೂ ತಂದರು. ಆ ಅಲೆಯಲ್ಲಿಯೇ ರಾಫಾಯೆಲ್ ಲೋಪೆಸ್ ದೆ ಎರೆದಿಯಾ ಎಂಬವರು 1877ರಲ್ಲಿ ರೈಲು ನಿಲ್ದಾಣದ ಬಗಲಿಗೇ ತಮ್ಮ ವೈನ್ ಮನೆಯನ್ನು ಆರಂಭಿಸಿದರು. ಎಬ್ರೋ ನದಿ ಬಳಸಿಕೊಂಡು ಹರಿಯುವ ತಿರುವಿನಲ್ಲಿ 1913–14ರ ಸುಮಾರಿಗೆ ತೊಂದೋನಿಯಾ ತೋಟ ಎದ್ದಿತು; ಇಂದು ಅದು 100 ಹೆಕ್ಟೇರಿಗೂ ಹೆಚ್ಚು ವಿಸ್ತಾರವಾಗಿದೆ. ಈಗ ನಡೆಸುತ್ತಿರುವವರು ನಾಲ್ಕನೆಯ ತಲೆಮಾರಿನವರು.

ಈ ವೈನಿನ ಹೆಚ್ಚಿನ ಪಾಲು ಟೆಂಪ್ರನೀಯೋ ದ್ರಾಕ್ಷಿ, ಜೊತೆಗೆ ಗಾರ್ನಾಚೋ, ಸ್ವಲ್ಪ ಗ್ರಾಸಿಯಾನೋ ಮತ್ತು ಮಾಸುಎಲೋ. ರಿಯೋಹಾದ ನಿಯಮದ ಪ್ರಕಾರ ಕೆಂಪು ವೈನಿಗೆ 'ರಿಸರ್ವಾ' ಎಂಬ ಹೆಸರು ಸಿಗಬೇಕಾದರೆ ಕನಿಷ್ಠ 3 ವರ್ಷ ಮಾಗಬೇಕು, ಅದರಲ್ಲಿ ಕನಿಷ್ಠ 1 ವರ್ಷ ಪೀಪಾಯಿಯಲ್ಲಿ. ಈ ಕುಟುಂಬ ಪೀಪಾಯಿಯಲ್ಲಿಯೇ ಸುಮಾರು 6 ವರ್ಷ ಇಡುತ್ತದೆ. ಆಮೇಲೆ ಬಾಟಲಿಯಲ್ಲಿ ಮತ್ತಷ್ಟು ವರ್ಷ. ಕೊಯ್ಲಾಗಿ 10 ವರ್ಷ ಕಳೆದ ಮೇಲೆಯೇ ಅದು ಪೇಟೆಗೆ ಬರುವುದು. ಅಲ್ಲಿಯವರೆಗೆ ಅದು ಬಂಡೆಯಲ್ಲಿ ಕೊರೆದ ನೆಲಮಾಳಿಗೆಯಲ್ಲಿ, ನಮ್ಮ ಹಳೆಯ ಮನೆಗಳ ಹಗೇವಿನಲ್ಲಿ ಜೋಳ ಇರುತ್ತಿದ್ದಂತೆ, ಬಿಸಿಲು ಗಾಳಿಗಳ ಏರಿಳಿತವನ್ನು ಅರಿಯದೆ ಇರುತ್ತದೆ.

ಇಲ್ಲಿ ಬೆಲೆಯ ಲೆಕ್ಕ ಸ್ವಲ್ಪ ವಿಚಿತ್ರವಾಗುತ್ತದೆ. ಶೇಕಡಾ 8ರ ಚಕ್ರಬಡ್ಡಿಯಲ್ಲಿ 100 ರೂಪಾಯಿ 10 ವರ್ಷಕ್ಕೆ 216 ರೂಪಾಯಿಯಾಗುತ್ತದೆ. ಅಂದರೆ ಸಾಲ ತಂದು ತೋಟ ಮಾಡಿದವನು ಹತ್ತು ವರ್ಷ ವೈನನ್ನು ಮಾರದೆ ಇಟ್ಟುಕೊಂಡರೆ, ಬಡ್ಡಿಯೊಂದಕ್ಕೇ ಬೆಲೆಯನ್ನು ಎರಡರಷ್ಟಕ್ಕಿಂತ ಹೆಚ್ಚು ಮಾಡಬೇಕು. ಹಾಗಿದ್ದೂ ಬೋರ್ಡೋದ ಮೊದಲ ದರ್ಜೆಯ ತೋಟಗಳ ಎಳೆಯ ವೈನು ನೂರಾರು ಯೂರೋಗೆ ಮಾರಾಟವಾಗುವಾಗ, ಮಾಗಿ ಕುಡಿಯಲು ಸಿದ್ಧವಾದ ಈ ವೈನು ಯೂರೋಪಿನ ಅಂಗಡಿಗಳಲ್ಲಿ ಕೆಲವು ಹತ್ತು ಯೂರೋಗಳಿಗೆ ಸಿಗುತ್ತದೆ. ನೆಲವನ್ನು ನೂರು ವರ್ಷಕ್ಕೂ ಹಿಂದೆಯೇ ಕೊಂಡು ತೀರಿಸಿ ಆಗಿದೆ. ಪ್ರತಿವರ್ಷ ಹತ್ತು ವರ್ಷದ ಹಿಂದಿನದು ಮಾರಾಟವಾಗಿ ಹೊಸದು ಒಳಗೆ ಹೋಗುತ್ತದೆ. ಸರಪಳಿಯ ಮೊದಲ ಕೊಂಡಿಯ ಖರ್ಚನ್ನು ಅಜ್ಜ ಮುತ್ತಜ್ಜಂದಿರು ಹೊತ್ತಿದ್ದಾರೆ. ಪೀಪಾಯಿಗಳ ವಿಷಯವೂ ಹೀಗೆಯೇ. 225 ಲೀಟರಿನ ಒಂದು ಪೀಪಾಯಿಯಿಂದ 300 ಬಾಟಲಿ ಬರುತ್ತದೆ. ಪ್ರತಿಷ್ಠಿತ ತೋಟಗಳು ಹೊಸ ಫ್ರೆಂಚ್ ಓಕ್ ಪೀಪಾಯಿಗಳನ್ನು ಮೇಲಿಂದ ಮೇಲೆ ಕೊಳ್ಳುತ್ತವೆ. ಈ ಮನೆಯವರು ಅಮೆರಿಕದ ಓಕ್ ಮರ ತರಿಸಿ ತಮ್ಮದೇ ಕಾರ್ಖಾನೆಯಲ್ಲಿ ಪೀಪಾಯಿ ಕಟ್ಟುತ್ತಾರೆ, ರಿಪೇರಿ ಮಾಡುತ್ತಾರೆ, ದಶಕಗಟ್ಟಲೆ ಬಳಸುತ್ತಾರೆ.

ಆದ್ದರಿಂದ ಈ ವೈನು ಹಣಕ್ಕೆ ತಕ್ಕುದು ಎಂದಾಗ, ತೋಟದವರು ಎಲ್ಲೋ ಕಡಿಮೆ ಖರ್ಚಿನಲ್ಲಿ ಮುಗಿಸಿದ್ದಾರೆ ಎಂದು ತಿಳಿಯಬಾರದು. ಅವರು ಕಡಿಮೆ ಮಾಡಿದ್ದು ಬಡ್ಡಿ, ಜಾಹೀರಾತು, ಹೊಸತನದ ಖರ್ಚುಗಳನ್ನು. ಕಾಲವನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾರೆ. ಕೊಳ್ಳುವವನಿಗೆ ಸಿಗುವುದು ಆ ಹತ್ತು ವರ್ಷ. ಅದನ್ನು ಒಂದು ಬೇಸಿಗೆಯಲ್ಲಿ ಕಳೆದುಕೊಳ್ಳಬಹುದೇ ಎಂಬುದು ಈ ಪ್ರಕರಣದ ಎರಡನೆಯ ಭಾಗ.

ರುಚಿ ನೋಡಿದ ಸಂಜೆ

ವೈನ್ ಬಡಿಸುವ ಕ್ರಮವನ್ನು ಕಲಿಸುವುದು ನನ್ನ ವೃತ್ತಿಯಾದ್ದರಿಂದ ಸಪ್ತಾಪುರದ ಮನೆಗೆ ನನ್ನನ್ನೂ ಕರೆದಿದ್ದರು. ಎರಡು ತೊಂದೋನಿಯಾ ಬಾಟಲಿಗಳ ಜೊತೆಗೆ ಮೂರನೆಯದಾಗಿ ಕರ್ನಾಟಕದ ಒಂದು ಕುಟುಂಬದ ತೋಟದ ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳ ಮಿಶ್ರ ವೈನನ್ನು ಇಡಲಾಗಿತ್ತು. ಮೂರಕ್ಕೂ ಹಳೆಯ ಪತ್ರಿಕೆ ಸುತ್ತಿ, ಯಾವುದು ಯಾವುದೆಂದು ಮನೆಯ ಹಿರಿಯರಾದ ದೊಡ್ಡಪ್ಪನಿಗೆ ಮಾತ್ರ ತಿಳಿದಿರುವಂತೆ ಮಾಡಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದೆವು.

ಮೊದಲ ಗ್ಲಾಸು ಗಾಢ ನೇರಳೆಗೆಂಪು, ನೇರಳೆಹಣ್ಣು ಕರಿಮೆಣಸುಗಳ ಗಂಧ, ನಾಲಗೆಯ ಮೇಲೆ ಸ್ಪಷ್ಟವಾದ ಒಗರು. ಎಲ್ಲರಿಗೂ ಇಷ್ಟವಾಯಿತು. ಎರಡನೆಯದು ತಿಳಿಯಾದ ಇಟ್ಟಿಗೆಗೆಂಪು. ಗ್ಲಾಸನ್ನು ಓರೆ ಮಾಡಿದರೆ ಅಂಚಿನಲ್ಲಿ ಕಿತ್ತಳೆ ಛಾಯೆ. ಹುಬ್ಬಳ್ಳಿಯ ತಮ್ಮ ಅದನ್ನು ನೋಡಿದೊಡನೆ, "ಅಣ್ಣಾ, ಇದು ಬಣ್ಣಾನ ಬಿಟ್ಟೈತಿ, ಕೆಟ್ಟಿರಬೇಕ್ರಿ" ಎಂದರು. ಹಿರಿಯರು ಏನೂ ಹೇಳಲಿಲ್ಲ. ಕುಡಿದಾಗ ಒಣಗಿದ ಚೆರಿ, ತಂಬಾಕಿನ ಎಲೆ, ಹಿಂದಿನಿಂದ ಸಣ್ಣಗೆ ಕೊಬ್ಬರಿ ಮತ್ತು ವೆನಿಲಾ. ಒಗರು ಮೆತ್ತಗಾಗಿದೆ, ಹುಳಿ ಮಾತ್ರ ಜೀವಂತವಾಗಿದ್ದು ನುಂಗಿದ ಮೇಲೂ ರುಚಿ ಬಹಳ ಹೊತ್ತು ನಿಲ್ಲುತ್ತದೆ. ಮೂರನೆಯ ಗ್ಲಾಸು ಇನ್ನೂ ಕಂದು. ಅದರಲ್ಲಿ ಬೇಯಿಸಿದ ಒಣದ್ರಾಕ್ಷಿಯ, ಕುದಿಸಿ ಇಳಿಸಿದ ಬೆಲ್ಲದ ವಾಸನೆ. ಬಾಯಿಗೆ ಹಾಕಿಕೊಂಡರೆ ಮೊದಲು ಸಪ್ಪೆ, ಕೊನೆಗೆ ಚುಚ್ಚುವ ಹುಳಿ, ನಡುವೆ ಏನೂ ಇಲ್ಲ.

ಪತ್ರಿಕೆ ಬಿಚ್ಚಿದಾಗ ಮೊದಲನೆಯದು ಕರ್ನಾಟಕದ್ದು, ಎರಡನೆಯದು ಧಾರವಾಡದಲ್ಲಿ ಇದ್ದ ತೊಂದೋನಿಯಾ, ಮೂರನೆಯದು ಹುಬ್ಬಳ್ಳಿಯಲ್ಲಿ ಇದ್ದ ಅದೇ ತೊಂದೋನಿಯಾ.

ಎರಡನೆಯ ಗ್ಲಾಸಿನ ಬಣ್ಣದ ಬಗ್ಗೆ ತಮ್ಮನಿಗೆ ಬಂದ ಅನುಮಾನ ಸಹಜವಾದುದು, ರೆಸ್ಟೋರೆಂಟಿನಲ್ಲಿ ಗಿರಾಕಿಗೂ ಅದೇ ಬರುತ್ತದೆ. ಎಳೆಯ ಕೆಂಪು ವೈನಿಗೆ ನೇರಳೆ ಬಣ್ಣ ಕೊಡುವ ಆಂಥೊಸಯನಿನ್‌ಗಳು ವರ್ಷಗಳು ಕಳೆದಂತೆ ಒಗರಿನ ಕಣಗಳ ಜೊತೆ ಕೂಡಿಕೊಂಡು, ಭಾರವಾಗಿ, ಒಂದು ಭಾಗ ತಳಕ್ಕೆ ಇಳಿಯುತ್ತದೆ. ಹಳೆಯ ಬಾಟಲಿಯಲ್ಲಿ ಕಾಣುವ ಗಸಿ ಅದೇ. ಬಣ್ಣ ಇಟ್ಟಿಗೆಯ ಕಡೆಗೆ ತಿರುಗುವುದೂ, ಒಗರು ಮೆತ್ತಗಾಗುವುದೂ ಈ ಒಂದೇ ಕ್ರಿಯೆಯ ಎರಡು ಮುಖಗಳು. ಕೊಬ್ಬರಿ ವಾಸನೆ ಅಮೆರಿಕದ ಓಕ್ ಮರದಿಂದ ಬರುವಂಥದು. ಇವು ಯಾವುವೂ ಕೆಡುಕಿನ ಲಕ್ಷಣಗಳಲ್ಲ. ಹಳೆಯ ಪದ್ಧತಿಯ ರಿಯೋಹಾ ಹೀಗೆಯೇ ಇರಬೇಕು.

ಮೂರನೆಯ ಗ್ಲಾಸು ಬೇರೆ ಕಥೆ. ಆ ಬಾಟಲಿ ಹುಬ್ಬಳ್ಳಿಯ ಮನೆಯ ಹಾಲಿನ ಶೋಕೇಸಿನಲ್ಲಿ, ಪಶ್ಚಿಮದ ಗೋಡೆಗೆ, ಮೇಲಿನ ಅರೆಯಲ್ಲಿ ನೆಟ್ಟಗೆ ನಿಂತಿತ್ತು. ಮನೆಗೆ ಬಂದವರಿಗೆ ಕಾಣಲೆಂದು ಅದರ ಮೇಲೊಂದು ಸಣ್ಣ ದೀಪವೂ ಇತ್ತು. ಏಪ್ರಿಲ್‌ನಲ್ಲಿ ಹೊರಗಿನ ಉಷ್ಣಾಂಶ 37 ಡಿಗ್ರಿ ಮುಟ್ಟುವ ಊರಿನಲ್ಲಿ, ಸಂಜೆ ಬಿಸಿಲು ಹೀರಿದ ಕಾಂಕ್ರೀಟ್ ಗೋಡೆಗೆ ಅಂಟಿದ ಗಾಜಿನ ಕಪಾಟಿನೊಳಗೆ ಅದು ಇನ್ನೂ ಹೆಚ್ಚಿರಲು ಸಾಕು. ಬಿಸಿಗೆ ವೈನು ಹಿಗ್ಗುತ್ತದೆ, ಬಿರಡೆಯನ್ನು ಮೇಲಕ್ಕೆ ಒತ್ತುತ್ತದೆ. ರಾತ್ರಿ ತಂಪಾದಾಗ ಕುಗ್ಗುತ್ತದೆ, ಸಂದಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನಿಂತ ಬಾಟಲಿಯಲ್ಲಿ ಬಿರಡೆ ವೈನಿಗೆ ತಾಕದೆ ಒಣಗುವುದರಿಂದ ಸಂದು ಇನ್ನೂ ಸಡಿಲವಾಗುತ್ತದೆ. ಈ ಬಾಟಲಿಯ ಬಿರಡೆ ಬಾಯಿಯಿಂದ ತುಸು ಮೇಲೆ ಎದ್ದಿತ್ತು, ಅದರ ಬದಿಯುದ್ದಕ್ಕೂ ವೈನು ಜಿನುಗಿದ ಕಲೆ ತುದಿಯವರೆಗೆ ಏರಿತ್ತು, ಒಳಗಿನ ಮಟ್ಟ ಧಾರವಾಡದ ಬಾಟಲಿಗಿಂತ ಕೆಳಗಿತ್ತು.

ಧಾರವಾಡದ ಬಾಟಲಿ ಹಳೆಯ ಮನೆಯ ನಡುವಿನ ಕೋಣೆಯಲ್ಲಿ, ದಪ್ಪ ಮಣ್ಣಿನ ಗೋಡೆಗಳ ನಡುವೆ, ಕಿಟಕಿಯಿಲ್ಲದ ಮೂಲೆಯಲ್ಲಿ, ಕಟ್ಟಿಗೆಯ ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿತ್ತು. ಅಲ್ಲಿಯೂ ಆದರ್ಶವೆನ್ನುವ 12ರಿಂದ 14 ಡಿಗ್ರಿ ಇರಲಿಲ್ಲ. ಆದರೆ ಏರಿಳಿತ ಕಡಿಮೆ, ಬೆಳಕು ಇಲ್ಲ, ಬಿರಡೆ ಒದ್ದೆ. ಒಂದು ಬೇಸಿಗೆ ದಾಟಲು ಅಷ್ಟು ಸಾಕಾಯಿತು. ಹತ್ತು ಬೇಸಿಗೆ ದಾಟುತ್ತಿತ್ತೇ ಎಂದರೆ, ಇಲ್ಲವೆಂದೇ ನನ್ನ ಅಭಿಪ್ರಾಯ.

ಒಂದು ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಸ್ವಾಭಾವಿಕ ಬಿರಡೆ ಹಾಕಿದ, ಸೋಸದೆ ತುಂಬಿದ ಹಳೆಯ ವೈನಿನಲ್ಲಿ ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಎರಡೇ ಬಾಟಲಿಗಳಿಂದ ಕಾರಣವನ್ನು ಸಾಬೀತುಪಡಿಸಲಾಗದು. ತೋಟಗಾರಿಕೆಯಲ್ಲಿ ಪ್ರಯೋಗದ ತಾಕುಗಳನ್ನು ಹಾಕಿಸಿ ಅಭ್ಯಾಸವಿದ್ದ ಹಿರಿಯರು ಈ ಮಾತನ್ನು ತಾವೇ ಎತ್ತಿದರು. ಆದರೆ ಎದ್ದ ಬಿರಡೆ, ಜಿನುಗಿದ ಕಲೆ, ಇಳಿದ ಮಟ್ಟ, ಬೆಂದ ವಾಸನೆ ಈ ನಾಲ್ಕೂ ಒಂದೇ ಕಡೆ ಬೊಟ್ಟು ಮಾಡುವಾಗ ಬೇರೆ ಕಾರಣ ಹುಡುಕುವ ಅಗತ್ಯ ಕಾಣಲಿಲ್ಲ.

ಮನೆಯೊಡತಿ ಕೇಳಿದ ಪ್ರಶ್ನೆ

ಚರ್ಚೆಯ ನಡುವೆ, ಚೀಟಿಯ ಹಿಂಬದಿ ಓದುತ್ತಿದ್ದ ಮಗಳು ಈ ಮನೆಯವರು ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನು ಬಳಸುತ್ತಾರೆಂದು ಹೇಳಿದಳು. ಅದು ಹಳೆಯ ಕ್ರಮ: ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನು ಒರಟಾದ ಒಗರನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಆಮೇಲೆ ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯುತ್ತಾರೆ. ಆಗ ಮನೆಯೊಡತಿ, ಗ್ಲಾಸು ಮುಟ್ಟದಿದ್ದವರು, "ಹಂಗಾದ್ರ ಇದು ಶಾಕಾಹಾರಿ ಅಲ್ಲೇನ್ರಿ?" ಎಂದು ಕೇಳಿದರು. ನಗುವ ಪ್ರಶ್ನೆಯಲ್ಲ ಅದು. ಹುಬ್ಬಳ್ಳಿ–ಧಾರವಾಡದಲ್ಲಿ ವೈನು ಕುಡಿದರೂ ಮೊಟ್ಟೆ ಮುಟ್ಟದವರು ಕಡಿಮೆಯೇನಿಲ್ಲ. ತಳಕ್ಕಿಳಿದದ್ದನ್ನು ಬೇರ್ಪಡಿಸಲಾಗುತ್ತದೆ ಎಂಬುದು ನಿಜ, ಆದರೆ ತಯಾರಿಕೆಯಲ್ಲಿ ಮೊಟ್ಟೆ ಬಳಕೆಯಾಗಿದೆ ಎಂಬುದೂ ನಿಜ. ವೈನನ್ನು ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ತಿಳಿಗೊಳಿಸುವವರಿದ್ದಾರೆ, ಏನೂ ಹಾಕದೆ ಕಾಲಕ್ಕೆ ಬಿಡುವವರಿದ್ದಾರೆ. ಪಟ್ಟಿಗೆ ಸೇರಿಸುವ ಯಾವ ವೈನಿನ ವಿಷಯದಲ್ಲಾದರೂ ಪೂರೈಸುವವರನ್ನು ಇದನ್ನು ಕೇಳಿಟ್ಟುಕೊಳ್ಳಬೇಕೆಂದು ಯುವಕ ಬರೆದುಕೊಂಡ. ಅಂದಿನ ಮಾತುಕತೆಯಲ್ಲಿ ವ್ಯಾಪಾರಕ್ಕೆ ಅತ್ಯಂತ ಉಪಯುಕ್ತವಾದದ್ದು, ನನಗೆ ಕಂಡಂತೆ, ಈ ಪ್ರಶ್ನೆಯೇ.

ಪಟ್ಟಿಗೆ ಯಾವುದು

ಯುವಕನಿಗೆ ತೊಂದೋನಿಯಾದ ಮೇಲೆ ಮನಸ್ಸಾಗಿತ್ತು. ಸಾಮಾನಿನಲ್ಲಿ ಬಂದ ಬಾಟಲಿಯನ್ನು ರೆಸ್ಟೋರೆಂಟಿನಲ್ಲಿ ಮಾರುವಂತಿಲ್ಲ. ಅಧಿಕೃತವಾಗಿ ಆಮದಾದದ್ದೇ ಬೇಕು. ಭಾರತದಲ್ಲಿ ವೈನಿನ ಮೇಲಿನ ಆಮದು ಸುಂಕ ಶೇಕಡಾ 150ರಷ್ಟಿತ್ತು. 2021ರ ಬಜೆಟ್‌ನಲ್ಲಿ ಅದನ್ನು 50ರ ಮೂಲ ಸುಂಕ ಮತ್ತು 100ರ ಕೃಷಿ ಮೂಲಸೌಕರ್ಯ ಸೆಸ್ ಎಂದು ಒಡೆದರೂ ಮೊತ್ತ ಬದಲಾಗಲಿಲ್ಲ. ಆ ದರದಲ್ಲಿ, 30 ಯೂರೋ ಬೆಲೆಯ ಬಾಟಲಿ ಎಂದು ಹಿಡಿದರೆ, ಬಂದರಿನಿಂದ ಹೊರಬೀಳುವಾಗಲೇ ಅದು 75 ಯೂರೋ. ಅದರ ಮೇಲೆ ಸಾಗಣೆ, ಆಮದುದಾರನ ಲಾಭ, ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯದ ತೆರಿಗೆಗಳು, ಕೊನೆಗೆ ರೆಸ್ಟೋರೆಂಟಿನ ಪಾಲು. ಆರೋದ ಕುಟುಂಬ ನಾಲ್ಕು ತಲೆಮಾರು ಉಳಿಸಿಕೊಟ್ಟದ್ದೆಲ್ಲ ದಾರಿಯಲ್ಲಿಯೇ ಕರಗುತ್ತದೆ. ಬಿಲ್ಬಾವೊದಲ್ಲಿ ಹಣಕ್ಕೆ ತಕ್ಕುದಾದ ವೈನು ವಿದ್ಯಾನಗರದಲ್ಲಿ ದುಬಾರಿ ವೈನು. ಇದರಲ್ಲಿ ತೋಟದವರ ತಪ್ಪಿಲ್ಲ.

ಕರ್ನಾಟಕದ್ದನ್ನೇ ನೋಡೋಣವೆಂದರೆ ಆಯ್ಕೆಗೆ ಕೊರತೆಯಿಲ್ಲ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ನಂದಿ ಬೆಟ್ಟದ ತಪ್ಪಲಿನ ಉದ್ಯಮ, ಹಂಪಿ ಬೆಟ್ಟಗಳ ಸೀಮೆಯಲ್ಲಿ ದಂಪತಿಗಳು ಕಟ್ಟಿದ ಕೃಷ್ಮಾ ಎಸ್ಟೇಟ್ ಪರಿಚಿತ ಹೆಸರುಗಳು. 2007ರ ರಾಜ್ಯ ವೈನ್ ನೀತಿಯ ಬಳಿಕ ಉತ್ತರ ಕರ್ನಾಟಕದ ದ್ರಾಕ್ಷಿ ಸೀಮೆಯಲ್ಲೂ ವೈನ್ ಘಟಕಗಳು ಎದ್ದವು. ಆದರೆ ಇಲ್ಲಿಯ ವೈನನ್ನು ರಿಯೋಹಾದ ಅಳತೆಗೋಲಿನಿಂದ ಅಳೆಯಬಾರದೆಂದು ಹಿರಿಯರು ಸರಿಯಾಗಿಯೇ ಹೇಳಿದರು. ಅಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ಮಲಗುವ ಕಾಲವೇ ಇಲ್ಲವಾದ್ದರಿಂದ ರೈತ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾನೆ: ಮೊದಲನೆಯದು ಕಡ್ಡಿ ಬೆಳೆಸಲು, ಎರಡನೆಯದು ಹಣ್ಣಿಗೆ. ಹಣ್ಣು ಮಾಗುವುದು ಚಳಿ ಮುಗಿದು ಬಿಸಿಲು ಏರುವ ಫೆಬ್ರವರಿ–ಮಾರ್ಚ್‌ನಲ್ಲಿ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಹೀಗಾಗಿ ನಮ್ಮ ಕೆಂಪು ವೈನು ಹೆಚ್ಚಾಗಿ ಎಳವೆಯ ಹಣ್ಣಿನ ರುಚಿಗಾಗಿ, ಕೆಲವೇ ವರ್ಷಗಳೊಳಗೆ ಕುಡಿಯಲೆಂದು ಮಾಡಿದ್ದು. ಹತ್ತು ವರ್ಷ ಇಟ್ಟು ಉದ್ಧಾರ ಮಾಡುತ್ತೇವೆಂದು ಹೊರಟರೆ ಇದ್ದದ್ದೂ ಹೋಗುತ್ತದೆ. ಕೊಡುವ ಹಣ ಕಾಲಕ್ಕಲ್ಲ, ತಾಜಾತನಕ್ಕೆ. ಲೆಕ್ಕವನ್ನು ಹಾಗೆಯೇ ಹಾಕಬೇಕು.

ಪತ್ರಿಕೆ ಸುತ್ತಿದ್ದಾಗ ಎಲ್ಲರಿಗೂ ಇಷ್ಟವಾದ ಮೊದಲ ಗ್ಲಾಸು ಇದೇ ಬಗೆಯದು. ತೊಂದೋನಿಯಾದ ಆಳ ಅದಕ್ಕಿರಲಿಲ್ಲ, ಅಷ್ಟು ಹೊತ್ತು ಬಾಯಲ್ಲಿ ನಿಲ್ಲಲೂ ಇಲ್ಲ. ಆದರೆ ಆಮದು ಸುಂಕದ ಹೊರೆಯಿಲ್ಲದೆ ಸಿಗುವ, ಮೊದಲ ಬಾರಿ ವೈನು ಕೇಳುವ ಗಿರಾಕಿಗೂ ವಿವರಣೆ ಬೇಡದ ವೈನು ಅದು. "ದೊಡ್ಡಪ್ಪಾ, ನಿಮಗ ಎರಡನೇದು ಇಷ್ಟ ಅಲ್ಲೇನ್ರಿ?" ಎಂದು ಯುವಕ ಕೇಳಿದಾಗ, "ನನಗ ಇಷ್ಟ, ನಿನ್ನ ಗಿರಾಕಿಗಲ್ಲ" ಎಂದು ಅವರು ಮುಗಿಸಿದರು.

ಊಟದ ಹೊಂದಾಣಿಕೆಯೂ ನಿರ್ಣಯದಲ್ಲಿ ಸೇರಿತು. ರೆಸ್ಟೋರೆಂಟಿನಲ್ಲಿ ಹೆಚ್ಚು ಹೋಗುವುದು ಸಾವಜಿ ಪದ್ಧತಿಯ ಮಟನ್. ಅಂಥ ಖಾರದೊಡನೆ ಒಗರು ಮತ್ತು ಮದ್ಯಾಂಶ ಹೆಚ್ಚಿರುವ ಯಾವ ಕೆಂಪು ವೈನೂ ಉರಿಯನ್ನು ಹೆಚ್ಚಿಸುತ್ತದೆ, ಮಾಗಿದ ವೈನಿನ ಸೂಕ್ಷ್ಮವಂತೂ ಖಾರದಡಿಯಲ್ಲಿ ಪತ್ತೆಯೇ ಇರುವುದಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ ಹಚ್ಚಿ ಸುಟ್ಟ ಮಾಂಸ, ಅಥವಾ ಎಣ್ಣೆಗಾಯಿಯಂಥ ಶೇಂಗಾ–ಎಳ್ಳಿನ ಪಲ್ಯಗಳ ಜೊತೆಗೆ ಕರ್ನಾಟಕದ ಆ ವೈನು ಚೆನ್ನಾಗಿ ಕೂಡುತ್ತದೆ. ಬಡಿಸುವ ಹುಡುಗರಿಗೆ ಸಾವಜಿ ಕೇಳಿದವರಿಗೆ ವೈನು ಸೂಚಿಸಬೇಡಿ ಎಂದು ಹೇಳಿಕೊಡಲಾಯಿತು.

ಆಮದು ವೈನಿಗೆ ಹಾಕಬೇಕಿದ್ದ ಹಣದ ಒಂದು ಭಾಗ ಸಣ್ಣ ವೈನ್ ಕೂಲರಿಗೆ ಹೋಯಿತು. ಅದು ಅಡುಗೆಮನೆಗೆ ಹೊಂದಿಕೊಂಡ ಗೋಡೆ ಬಿಟ್ಟು ಕೌಂಟರಿನ ಹಿಂದೆ, 14 ಡಿಗ್ರಿಗೆ ನಿಂತಿದೆ. ಗ್ಲಾಸಿಗೆ ಹಾಕಿದ ಸ್ವಲ್ಪ ಹೊತ್ತಿಗೆ ವೈನು ತಾನೇ 16–18ಕ್ಕೆ ಏರುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕೆಂಬ ಮಾತು ಯೂರೋಪಿನ ತಂಪಾದ ಮನೆಗಳದು, 30 ಡಿಗ್ರಿಯ ಹುಬ್ಬಳ್ಳಿಯ ಕೋಣೆಗೆ ಅದು ಅನ್ವಯಿಸುವುದಿಲ್ಲ ಎಂಬುದನ್ನು ನೌಕರರಿಗೆ ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು. 150 ಮಿಲಿಲೀಟರಿನ ಗ್ಲಾಸಿನ ಲೆಕ್ಕದಲ್ಲಿ ಬಾಟಲಿಗೆ 5 ಗ್ಲಾಸು; ತೆರೆದ ಬಾಟಲಿಗೆ ಬಿರಡೆ ಹಾಕಿ ಕೂಲರಿನಲ್ಲಿಟ್ಟರೂ ಎರಡು ಮೂರು ದಿನಕ್ಕಿಂತ ಹೆಚ್ಚು ನಂಬುವಂತಿಲ್ಲ. ಆದ್ದರಿಂದ ಬಾಟಲಿ ತೆರೆದ ದಿನಾಂಕವನ್ನು ಅದರ ಕುತ್ತಿಗೆಗೆ ಚೀಟಿ ಕಟ್ಟಿ ಬರೆಯುವ ಕ್ರಮ ಬಂದಿತು. ಗ್ಲಾಸಿನ ಮಾರಾಟ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಉಳಿದ ದಿನ ಕೇಳಿದವರಿಗೆ ಇಡೀ ಬಾಟಲಿ, ಇಲ್ಲವೇ ಇಲ್ಲ.

ಶೋಕೇಸಿನ ದೀಪದ ಕೆಳಗೆ ಈಗ ಖಾಲಿಯಾದ ತೊಂದೋನಿಯಾ ಬಾಟಲಿ ನಿಂತಿದೆ. ಮಗಳು ಮುಂದಿನ ಸಲ ತರುವ ಎರಡೂ ಸಪ್ತಾಪುರದಲ್ಲೇ ಉಳಿಯಲಿ ಎಂದು ತಮ್ಮನೇ ಹೇಳಿದ್ದಾರೆ.